ಎರಡು ಪದಗಳ ನಡುವಿನ ಅರ್ಧ ಇಂಚು

ಬಡಗಿಗೆ ಇಂಗ್ಲಿಷ್ ಬರುತ್ತಿರಲಿಲ್ಲ. ‘ಪುಷ್’ ಎಂದು ಬರೆದ ಬಾಗಿಲನ್ನು ಎಳೆಯುವವನು, ‘ಪುಲ್’ ಎಂದು ಬರೆದದ್ದನ್ನು ತಳ್ಳುವವನು. ಯಾರಾದರೂ ನಕ್ಕರೆ, “ಬಾಗಿಲು ಮಾಡಿದೋನು ನಾನು. ಅದು ಯಾವ ಕಡೆ ತೆರೆಯುತ್ತೆ ಅಂತ ಬೋರ್ಡು ನೋಡಿ ತಿಳ್ಕೋಬೇಕಾ?” ಎಂದು ಜೋರು ಮಾಡುತ್ತಿದ್ದ. ಇಂಥವನು ಎರಡು ಇಂಗ್ಲಿಷ್ ಪದಗಳ ನಡುವೆ ಸಿಕ್ಕಿಹಾಕಿಕೊಂಡು ಜೈಲಿನಲ್ಲಿ ವರ್ಷಗಟ್ಟಲೆ ಹೆಚ್ಚಿಗೆ ಕೂತ ಎಂದರೆ ಕೇಳಿದವರಿಗೆ ನಗು ಬರಬೇಕು. ಅಲ್ಲಿದ್ದವರಿಗೆ ಯಾರಿಗೂ ಬರಲಿಲ್ಲ.

ಅವನು ಒಳಗೆ ಬಂದಾಗ ಮಗಳಿಗೆ ನಾಲ್ಕು ವರ್ಷ. ಒಬ್ಬನನ್ನು ಕೊಂದು ಬಂದಿದ್ದ. ಅದರಲ್ಲಿ ಅನುಮಾನವೇನೂ ಇರಲಿಲ್ಲ, ಅವನೂ ಒಪ್ಪಿಕೊಂಡಿದ್ದ. ಜೀವಾವಧಿ ಶಿಕ್ಷೆಯಾಯಿತು. ಹತ್ತು ವರ್ಷ ತುಂಬಿದವರು ವರ್ಷಕ್ಕೊಂದು ಸಲ ಬಿಡುಗಡೆ ಮಂಡಳಿಗೆ ಅರ್ಜಿ ಹಾಕಿಕೊಳ್ಳಬಹುದಿತ್ತು. ಮಂಡಳಿಯ ಐದು ಜನ ಜೈಲಿನ ಮಹಡಿಯ ಹಾಲಿನಲ್ಲಿ ಸೇರಿ, ಕಾಗದ ನೋಡಿ ತೀರ್ಮಾನ ಮಾಡುತ್ತಿದ್ದರು. ಮನುಷ್ಯನನ್ನು ಕರೆಸುವ ಪದ್ಧತಿಯೇ ಇರಲಿಲ್ಲ. ಕಾಗದ ಇಂಗ್ಲಿಷಿನಲ್ಲೇ ಇರಬೇಕಿತ್ತು. ಅವರು ಸುತ್ತ ಕೂರುತ್ತಿದ್ದ ಹತ್ತಡಿ ಉದ್ದದ ಮೇಜು ಮಾತ್ರ ಬಡಗಿಯೇ ಮಾಡಿದ್ದು. ತನ್ನ ಅರ್ಜಿ ತನ್ನದೇ ಮೇಜಿನ ಮೇಲೆ ಬೀಳುತ್ತದಲ್ಲ ಎಂದು ಅವನಿಗೊಂದು ಸಮಾಧಾನ. ಸಮಾಧಾನಕ್ಕೇನು, ಯಾವುದರಿಂದ ಬೇಕಾದರೂ ಮಾಡಿಕೊಳ್ಳಬಹುದು.

ಅರ್ಜಿ ಬರೆಸಲು ಒಳಗೆ ಎರಡು ದಾರಿ ಇದ್ದವು. ಒಂದು, ಕಚೇರಿಯ ಗುಮಾಸ್ತ. ಅವನ ಬಳಿ ಯಾವ ಕಾಲದಲ್ಲೋ ಯಾರೋ ಬರೆದ ಒಂದು ಅರ್ಜಿ ಇತ್ತು. ಹೆಸರು, ನಂಬರು, ತಾರೀಖು ಬದಲಾಯಿಸಿ ಅದನ್ನೇ ಎಲ್ಲರಿಗೂ ಇಳಿಸಿಕೊಡುತ್ತಿದ್ದ. ಕಳ್ಳನಿಗೂ ಅದೇ, ಕೊಲೆಗಾರನಿಗೂ ಅದೇ. ಒಮ್ಮೆ ಮನೆಗೆ ಬೆಂಕಿ ಇಟ್ಟವನ ಅರ್ಜಿಯಲ್ಲಿ ‘ನಾನು ಕದ್ದ ವಾಹನ’ ಎಂದು ಹೋಗಿತ್ತಂತೆ. ಮಂಡಳಿಯವರು ಓದದೆ ಬಿಟ್ಟುಬಿಟ್ಟರಂತೆ, ಅವನು ಮನೆಗೆ ಹೋದನಂತೆ. ಇನ್ನೊಂದು ದಾರಿ, ಮೇಷ್ಟ್ರು.

ಮೇಷ್ಟ್ರೂ ಕೈದಿಯೇ. ಹೊರಗೆ ಇದ್ದಾಗ ಇಂಗ್ಲಿಷ್ ಪಾಠ ಮಾಡುತ್ತಿದ್ದರು. ಏನು ಮಾಡಿ ಒಳಗೆ ಬಂದರೆಂದು ಯಾರೂ ಕೇಳುತ್ತಿರಲಿಲ್ಲ, ಅದು ಅಲ್ಲಿನ ಮರ್ಯಾದೆ. ಸಣ್ಣ ದೇಹ, ಒಂದು ಕಡ್ಡಿ ಮುರಿದು ದಾರ ಕಟ್ಟಿದ ಕನ್ನಡಕ, ಮತ್ತು ಪದಗಳ ವಿಷಯದಲ್ಲಿ ಕೂದಲು ಸೀಳುವ ಬುದ್ಧಿ. ಊಟದ ಸಾಲಿನಲ್ಲಿ ತಟ್ಟೆ ಹಿಡಿದು ನಿಂತಾಗಲೂ ಹಿಂದಿದ್ದವನಿಗೆ ಹೇಳುತ್ತಿದ್ದರು: “ಅಲೋನ್ ಅಂದ್ರೆ ಒಬ್ಬನೇ ಇರೋದು. ಲೋನ್ಲಿ ಅಂದ್ರೆ ಒಬ್ಬನೇ ಅನ್ಸೋದು. ಈ ಬ್ಯಾರಕ್ಕಿನಲ್ಲಿ ಅರವತ್ತು ಜನ ಇದೀವಿ, ಒಬ್ಬನೂ ಅಲೋನ್ ಅಲ್ಲ, ಅಷ್ಟು ಜನಾನೂ ಲೋನ್ಲಿ. ತಿಳೀತಾ?” ಹಿಂದಿದ್ದವನಿಗೆ ಸಾರು ಮುಗಿದುಹೋಗುವ ಚಿಂತೆ. ಇಂಗ್ಲಿಷಿನಲ್ಲಿ ಎರಡು ಪದಕ್ಕೆ ಒಂದೇ ಅರ್ಥವಿದ್ದರೆ ಒಂದನ್ನು ಇಂಗ್ಲಿಷರು ಎಂದೋ ಎಸೆದಿರುತ್ತಿದ್ದರು ಎನ್ನುವುದು ಮೇಷ್ಟ್ರ ವಾದ.

ಈ ವಾದ ಅರ್ಥವಾಗುತ್ತಿದ್ದುದು ಇಡೀ ಜೈಲಿನಲ್ಲಿ ಬಡಗಿಯೊಬ್ಬನಿಗೇ. ಮರಗೆಲಸದ ಶೆಡ್ಡಿನ ಗೋಡೆಯ ಮೇಲೆ ಪ್ರತಿ ಹತಾರದ ಆಕಾರವನ್ನೂ ಕಪ್ಪು ಬಣ್ಣದಲ್ಲಿ ಬರೆದಿತ್ತು. ಸಂಜೆ ಎಲ್ಲವನ್ನೂ ಅದರದರ ಆಕಾರದ ಮೇಲೆ ತೂಗುಹಾಕಬೇಕು, ಖಾಲಿ ಆಕಾರ ಕಂಡರೆ ಕಾವಲಿನವನು ಸೀಟಿ ಊದುತ್ತಾನೆ. ಮುಕ್ಕಾಲಿಂಚಿನ ಉಳಿಯನ್ನು ಒಂದಿಂಚಿನ ಉಳಿಯ ಜಾಗದಲ್ಲಿ ತೂಗುಹಾಕಿದರೆ ಕಾವಲಿನವನಿಗೆ ಗೊತ್ತಾಗುತ್ತಿರಲಿಲ್ಲ, ಬಡಗಿಗೆ ಮೈ ಉರಿಯುತ್ತಿತ್ತು. “ಉಳೀನೂ ಕೊಯ್ಯುತ್ತೆ, ಬಾಚೀನೂ ಕೊಯ್ಯುತ್ತೆ. ಹಾಗಂತ ಉಳಿ ಕೆಲಸಕ್ಕೆ ಬಾಚಿ ಹಿಡಿಯೋಕಾಗುತ್ತಾ ಮೇಷ್ಟ್ರೇ?” ಎಂದು ಅವನು ಅಂದ ದಿನ ಮೇಷ್ಟ್ರು ಅವನ ಭುಜ ತಟ್ಟಿದ್ದರು. ಅಂದಿನಿಂದ ಇಬ್ಬರಿಗೂ ಕುಚಿಕು ಗೆಳೆತನ.

ಹಾಗಾಗಿ ಹತ್ತು ವರ್ಷ ತುಂಬಿದಾಗ ಬಡಗಿ ಗುಮಾಸ್ತನ ಕಡೆ ತಲೆ ಹಾಕಲಿಲ್ಲ. ಮೇಷ್ಟ್ರ ಎದುರು ಬೆಂಚಿನ ಮೇಲೆ ಕೂತ.

“ಏನಾಯ್ತು ಅಂತ ಹೇಳು. ಆಮೇಲೆ ನಿಂಗೆ ಏನನ್ಸುತ್ತೆ ಅಂತ ಹೇಳು. ಎರಡೂ ಬೇರೆ ಬೇರೆ,” ಎಂದರು ಮೇಷ್ಟ್ರು.

ಆದದ್ದು ಇಷ್ಟು. ಬಡಗಿ ಮತ್ತು ಅವನ ಬಾಲ್ಯದ ಗೆಳೆಯ ಸೇರಿ ಒಂದು ಅಂಗಡಿ ಇಟ್ಟಿದ್ದರು. ಗೆಳೆಯ ತೆಳ್ಳಗೆ, ಉದ್ದಕ್ಕೆ ಇದ್ದ. ಎಲ್ಲರೂ ಕೋಲಣ್ಣ ಎನ್ನುತ್ತಿದ್ದರು. ಕೋಲಣ್ಣ ಗಿರಾಕಿಗಳ ಮನೆಗೆ ಹೋಗಿ ಅಳತೆ ತರುವುದು, ಬಡಗಿ ಅಂಗಡಿಯಲ್ಲಿ ಕೊಯ್ಯುವುದು. ಒಬ್ಬ ಗಿರಾಕಿಯ ಮನೆಯ ಗೋಡೆಬೀರುವಿನ ಎರಡು ಬಾಗಿಲು ಅರ್ಧ ಇಂಚು ಕಡಿಮೆಯಾದವು. ದುಬಾರಿ ಮರ, ಹಾಳಾಯಿತು. ಅಳತೆ ತಂದವನದು ತಪ್ಪು ಎಂದ ಬಡಗಿ. ಕೊಯ್ದವನದು ಎಂದ ಕೋಲಣ್ಣ. ಗಿರಾಕಿ ಅಲ್ಲೇ ನಿಂತಿದ್ದ. ಅವನ ಮುಂದೆ ಕೋಲಣ್ಣ ನಗುತ್ತಾ, “ಕುಡಿದಿರೋದು ನೀನೋ ನಿನ್ನ ಟೇಪೋ?” ಎಂದ. ಬಡಗಿ ಜನ್ಮದಲ್ಲಿ ಕುಡಿದವನಲ್ಲ. ಕೈಯಲ್ಲಿ ಉಳಿಗೆ ಹೊಡೆಯುವ ಕೊಡತಿ ಇತ್ತು. ಒಂದೇ ಏಟು, ಕಿವಿಯ ಮೇಲೆ.

“ಈಗ ಏನನ್ಸುತ್ತೆ?”

ಬಡಗಿ ಯೋಚಿಸಿದ. ಅವನು ಸುಳ್ಳು ಹೇಳುವವನಲ್ಲ, ಹೇಳಲು ಬಂದರೆ ತಾನೆ. “ಆಗಬಾರದಿತ್ತು ಮೇಷ್ಟ್ರೇ. ಕೆಟ್ಟ ಗಳಿಗೆ. ಅವನ ಹೆಂಡತಿ ಮಕ್ಕಳನ್ನ ನೆನೆಸ್ಕೊಂಡ್ರೆ ಬೇಜಾರಾಗುತ್ತೆ. ನನ್ನ ಹೆಂಡತಿ ಮಗಳನ್ನ ನೆನೆಸ್ಕೊಂಡ್ರೂ ಆಗುತ್ತೆ. ಆದ್ರೆ ಅಳತೆ ತಪ್ಪು ತಂದೋನು ಅವನು. ತಪ್ಪೂ ಮಾಡಿ ನಗೋದಾ? ಅವನು ಆವತ್ತು ನಗದೇ ಇದ್ದಿದ್ರೆ ಇವತ್ತು ಇಬ್ಬರೂ ಚೆನ್ನಾಗಿರ್ತಿದ್ವಿ.”

ಮೇಷ್ಟ್ರು ಪೆನ್ಸಿಲನ್ನು ಕಿವಿಗೆ ಸಿಕ್ಕಿಸಿಕೊಂಡರು. “ನೋಡು, ಇದು ರಿಗ್ರೆಟ್ಟು. ಬಸ್ಸು ತಪ್ಪಿಹೋಯ್ತಲ್ಲ ಅಂತ ಆಗೋದು ಇದೇನೇ, ಇದು ಅದಕ್ಕಿಂತ ದೊಡ್ಡದು ಅಷ್ಟೇ. ಆಗಬಾರದ್ದು ಆಯ್ತು, ನಂಗೆ ಬೇಜಾರಾಯ್ತು. ಮಂಡಳಿಯವರು ಕೇಳೋದು ಇನ್ನೊಂದು, ರಿಮೋರ್ಸ್. ಅದರ ಬೇರಿನಲ್ಲೇ ಕಚ್ಚೋದು ಅನ್ನೋ ಅರ್ಥ ಇದೆ. ನಾನು ಮಾಡ್ದೆ, ಅವನಿಗೆ ಮಾಡ್ದೆ, ಬೇರೆ ಯಾರದ್ದೂ ಅಲ್ಲ ಅಂತ ಒಳಗೆ ಕೂತು ಕಚ್ಚುತ್ತೆ. ಅದು ನಿನಗಿನ್ನೂ ಬಂದಿಲ್ಲ.”

“ನಮ್ಮ ಕಡೆ ಎರಡಕ್ಕೂ ಪಶ್ಚಾತ್ತಾಪ ಅಂತೀವಲ್ಲ?”

“ಅಂತೀವಿ. ಸೋಮಾರಿಗಳು ನಾವು, ಸಿಕ್ಕಿದ್ದನ್ನೆಲ್ಲ ಒಂದೇ ಚೀಲಕ್ಕೆ ತುಂಬ್ತೀವಿ.” ಮೇಷ್ಟ್ರು ಕನ್ನಡಕ ತೆಗೆದು ಅವನನ್ನೇ ನೋಡಿದರು. “ಬರಿ ಅಂದ್ರೆ ಬರೀತೀನಿ. ನಾಲ್ಕಕ್ಷರದ ಕೆಲಸ. ಆದ್ರೆ ಅದು ಸುಳ್ಳು ಅಂತ ನಿಂಗೂ ಗೊತ್ತು, ನಂಗೂ ಗೊತ್ತು. ಏನ್ ಮಾಡ್ಲಿ?”

ಹೂಂ ಎನ್ನಬಹುದಿತ್ತು. ಎಂಥ ಪೆದ್ದನಾದರೂ ಎನ್ನುತ್ತಿದ್ದ. ಆದರೆ ಬಡಗಿಗೆ ಬೇಡ ಎನ್ನುವುದರಲ್ಲಿ ಒಂದು ಗತ್ತು ಕಂಡಿತು. ಇಲ್ಲದ್ದನ್ನು ಇದೆ ಎಂದು ಬರೆಸುವುದು, ಹುಳ ತಿಂದ ಹಲಗೆಗೆ ಪಾಲಿಶ್ ಹೊಡೆದು ಮಾರಿದ ಹಾಗೆ. “ಇರೋದನ್ನೇ ಬರೀರಿ,” ಎಂದ. ಮೇಷ್ಟ್ರು ಇರುವುದನ್ನೇ ಬರೆದರು. ಎರಡು ಪುಟ, ಒಂದು ಅಕ್ಷರವೂ ಹೆಚ್ಚಿಲ್ಲ, ಒಂದೂ ಕಡಿಮೆಯಿಲ್ಲ. ಬರೆದು ಮುಗಿಸಿದಾಗ ಇಬ್ಬರಿಗೂ ಒಳ್ಳೆಯ ಕೆಲಸ ಮಾಡಿದ ಖುಷಿಯಿತ್ತು.

ಮೂರು ತಿಂಗಳಿಗೆ ಉತ್ತರ ಬಂತು. ಮೇಷ್ಟ್ರು ಓದಿ ಹೇಳಿದರು: ಅರ್ಜಿದಾರನಲ್ಲಿ ರಿಗ್ರೆಟ್ ಕಾಣುತ್ತದೆ, ರಿಮೋರ್ಸ್ ಕಾಣುವುದಿಲ್ಲ, ಆದ್ದರಿಂದ ತಿರಸ್ಕರಿಸಲಾಗಿದೆ. ಓದುವಾಗ ಮೇಷ್ಟ್ರ ಮುಖದಲ್ಲಿ ಬೇಸರವಿತ್ತು ನಿಜ, ಅದರ ಹಿಂದೆಯೇ ಸಣ್ಣದೊಂದು ಮೆಚ್ಚುಗೆಯೂ ಇತ್ತು. “ಮಂಡಳಿಯಲ್ಲಿ ಯಾರೋ ಓದೋಕೆ ಬರೋರು ಇದ್ದಾರೆ ಮಾರಾಯ. ಎಷ್ಟು ಸರಿಯಾಗಿ ಹಿಡಿದಿದ್ದಾರೆ ನೋಡು,” ಎಂದರು. ಕಷ್ಟಪಟ್ಟು ಹೊಂದಿಸಿದ ಸಂದನ್ನು ಇನ್ನೊಬ್ಬ ಬಡಗಿ ಬಂದು ಬೆರಳಾಡಿಸಿ ನೋಡಿದರೆ ಆಗುವ ಸಂತೋಷ ಅದು. ಆ ಸಂತೋಷಕ್ಕೆ ಬೆಲೆ ತೆತ್ತವನು ಬಡಗಿ ಎಂಬುದು ಆಗ ಇಬ್ಬರಿಗೂ ಹೊಳೆಯಲಿಲ್ಲ.

ಎರಡನೆಯ ವರ್ಷವೂ ಅದೇ ಆಯಿತು. ಮೂರನೆಯ ವರ್ಷವೂ ಅದೇ.

ಬಡಗಿಯ ಹೆಂಡತಿ ಒಂದು ದರ್ಜಿ ಅಂಗಡಿಯಲ್ಲಿ ಕಾಜಾ ಹೊಲಿದು ಗುಂಡಿ ಹಾಕುತ್ತಿದ್ದಳು. ಎರಡು ತಿಂಗಳಿಗೊಮ್ಮೆ, ಭೇಟಿಯ ದಿನ, ಜಾಲರಿಯ ಆಚೆ ಬಂದು ನಿಲ್ಲುತ್ತಿದ್ದಳು. ಜಾಲರಿ ಎರಡು ಪದರ, ನಡುವೆ ಒಂದು ಮೊಳ ಖಾಲಿ ಜಾಗ. ಎರಡೂ ಕಡೆ ಹತ್ತಾರು ಜನ ಒಟ್ಟಿಗೆ ಕೂಗಾಡುವುದರಿಂದ ಗಂಡ ಹೆಂಡತಿ ಗುಟ್ಟನ್ನೂ ಕಿರುಚಿಯೇ ಹೇಳಬೇಕು.

“ಗುಮಾಸ್ತನ ಹತ್ರ ಬರೆಸ್ರೀ!” ಎಂದು ಅವಳು ಕಿರುಚಿದಳು. “ಎಲ್ಲರೂ ಹೋಗ್ತಿದಾರಂತೆ!”

“ಅವನು ಸುಳ್ಳು ಬರೀತಾನೆ ಕಣೇ!”

“ಬರೀಲಿ! ನಿಮ್ಮ ಸತ್ಯ ತಗೊಂಡು ನಾನೇನ್ ಉಪ್ಪಿನಕಾಯಿ ಹಾಕ್ಲಾ?”

ಪಕ್ಕದವರು ನಕ್ಕರು. ಅವಳು ನಗಲಿಲ್ಲ, ಸೆರಗಿನಲ್ಲಿ ಮೂಗು ಒರೆಸಿಕೊಂಡಳು. ಆದರೂ ಮರುವರ್ಷ ಅವನು ಕೂತದ್ದು ಮೇಷ್ಟ್ರ ಎದುರೇ. ಮೇಷ್ಟ್ರು ಕೇಳಿದರು, “ಈಗ ಏನನ್ಸುತ್ತೆ?” ಅವನು ಅದನ್ನೇ ಹೇಳಿದ. ಕೊನೆಗೆ, “ಅವನು ನಕ್ಕನಲ್ಲ ಮೇಷ್ಟ್ರೇ,” ಎಂದ. ಮೇಷ್ಟ್ರು ಅದನ್ನೇ ಬರೆದರು.

ಆರನೆಯ ವರ್ಷ ಅವನ ಪಕ್ಕದ ಬೆಂಚಿನಲ್ಲಿ ಮರಳು ಕಾಗದ ಉಜ್ಜುತ್ತಿದ್ದ ಮೀಸೆ ಎಂಬುವನು ಬಿಡುಗಡೆಯಾದ. ಎರಡು ಜೀವ ತೆಗೆದಿದ್ದವನು, ಈಗಲೂ ಅದನ್ನು ಹೇಳಿಕೊಂಡು ಮೀಸೆ ತಿರುವುತ್ತಿದ್ದವನು. ಗುಮಾಸ್ತ ಇಳಿಸಿಕೊಟ್ಟ ಅರ್ಜಿಯಲ್ಲಿ ರಿಮೋರ್ಸ್ ಎಂದು ಮೂರು ಕಡೆ ಇತ್ತಂತೆ. “ಅದೇನೋ ರಿಮೋಟೋ ರಿಮೋರ್ಸೋ, ಹಾಕಿದ, ಬಾಗಿಲು ತೆಗೀತು,” ಎಂದು ಮೀಸೆ ಎಲ್ಲರ ಕೈ ಕುಲುಕಿ ಹೊರಟುಹೋದ. ಅದೇ ದಿನ ಬಡಗಿಯ ಆರನೆಯ ತಿರಸ್ಕಾರ ಬಂದಿತ್ತು. ಮೇಷ್ಟ್ರು ಅದನ್ನು ಓದಿ, ಮಡಿಚಿ ಕೊಟ್ಟರು. ಆ ಸಲ ಅವರ ಮುಖದಲ್ಲಿ ಮೆಚ್ಚುಗೆ ಇರಲಿಲ್ಲ.

ಮುಂದಿನ ಭೇಟಿಗೆ ಮಗಳೊಬ್ಬಳೇ ಬಂದಳು. ಈಗ ಅವಳಿಗೆ ಇಪ್ಪತ್ತು ದಾಟಿತ್ತು. ಒಂದು ದವಾಖಾನೆಯಲ್ಲಿ ರೋಗಿಗಳ ಚೀಟಿ ಬರೆಯುವ ಕೆಲಸ, ಇಂಗ್ಲಿಷನ್ನೂ ಚೆನ್ನಾಗಿಯೇ ಓದುತ್ತಿದ್ದಳು. ದೂರದ ಊರಿನ ದೊಡ್ಡ ಆಸ್ಪತ್ರೆಯಲ್ಲಿ ಕೆಲಸ ಸಿಕ್ಕಿದೆ ಎಂದಳು. ಬರುವ ವರ್ಷ ಸೇರಬೇಕು. ಅಮ್ಮನ ಕಣ್ಣು ಕಾಜಾ ಹೊಲಿದು ಹೊಲಿದು ಹೋಗಿದೆ, ಅವಳನ್ನು ಇಲ್ಲಿ ಬಿಡುವ ಹಾಗಿಲ್ಲ, ಕರೆದುಕೊಂಡು ಹೋಗುತ್ತೇನೆ. ಅಲ್ಲಿಂದ ಇಲ್ಲಿಗೆ ರೈಲಿನಲ್ಲಿ ಎರಡು ದಿನ. ವರ್ಷಕ್ಕೊಂದು ಸಲ ಬಂದರೆ ಹೆಚ್ಚು.

“ಅಷ್ಟರಲ್ಲಿ ನೀನು ಬಂದ್ಬಿಡು ಅಪ್ಪ,” ಎಂದಳು. “ಆರು ಉತ್ತರಾನೂ ಕಚೇರೀಲಿ ಇಸ್ಕೊಂಡು ಓದಿದೀನಿ. ಒಂದು ಪದ ಕೇಳ್ತಿದಾರೆ. ಒಂದೇ ಒಂದು ಪದ! ಕೊಟ್ಟುಬಿಡೋಕೆ ನಿಂಗೇನು ಕಷ್ಟ?”

ಅವನು ಜಾಲರಿಯೊಳಗೆ ಬೆರಳು ತೂರಿಸಿ ನಿಂತ. ನಾಲ್ಕು ವರ್ಷದವಳಿದ್ದಾಗ ಎತ್ತಿಕೊಂಡದ್ದೇ ಕೊನೆ. ಅವಳ ಹೆಗಲು ತನ್ನ ಎಲ್ಲಿಗೆ ಬರುತ್ತದೆ ಎಂಬುದೂ ಅವನಿಗೆ ಗೊತ್ತಿರಲಿಲ್ಲ. ಅವರ ಜೊತೆ ಆ ರೈಲು ಹತ್ತಬೇಕು ಎನಿಸಿತು. ಇಷ್ಟು ವರ್ಷದಲ್ಲಿ ಯಾವುದಕ್ಕೂ ಅಷ್ಟು ಆಸೆಪಟ್ಟಿರಲಿಲ್ಲ.

“ಈ ಸಲ ಬರೆಸ್ತೀನಿ. ಗುಮಾಸ್ತನ ಹತ್ರಾನೇ ಹೋಗ್ತೀನಿ,” ಎಂದ.

ಮಗಳ ಮುಖ ಅರಳಿತು. ಭೇಟಿ ಮುಗಿಯಲು ಇನ್ನೂ ಸ್ವಲ್ಪ ಹೊತ್ತಿತ್ತು. ಖುಷಿಯಲ್ಲಿ ಅದೂ ಇದೂ ಹರಟಿದಳು. ಮನೆಯ ಅಡುಗೆಕೋಣೆ ಕಿಟಕಿಯ ಗಾಜು ಒಡೆದಿತ್ತಂತೆ. ಹೊಸದು ಹಾಕಿಸಲು ಇವಳೇ ಅಳತೆ ತೆಗೆದುಕೊಂಡು ಹೋಗಿದ್ದಳಂತೆ.

“ನಿನ್ನ ಹತಾರದ ಪೆಟ್ಟಿಗೇಲಿ ಟೇಪಿತ್ತಲ್ಲ, ಅದ್ರಲ್ಲೇ ಅಳೆದೆ. ಗಾಜು ತಂದು ಕೂರಿಸಿದ್ರೆ ಅರ್ಧ ಇಂಚು ದೊಡ್ಡದು! ಗಾಜಿನವನ ಮೇಲೆ ಹಾರಾಡ್ದೆ ನಾನು. ಅವನು ಟೇಪು ಇಸ್ಕೊಂಡು ನೋಡಿ ನಕ್ಕುಬಿಟ್ಟ. ತುದಿ ಮುರಿದಿದೆಯಂತೆ, ಯಾರೋ ಕತ್ತರಿಸಿ ಹೊಸ ಕೊಕ್ಕೆ ಕೂರಿಸಿದಾರಂತೆ. ಅರ್ಧ ಇಂಚು ಹೋಗಿದೆ, ಇಲ್ಲದ್ದನ್ನ ಇದೆ ಅಂತ ತೋರಿಸುತ್ತೆ ಅಂದ. ನಿನ್ನ ಮೇಲೆ ಎಷ್ಟು ನಂಬಿಕೆ ನೋಡು ನಂಗೆ, ಅವನ ಜೊತೆ ಜಗಳ ಆಡ್ದೆ!”

ಅವಳು ನಗುತ್ತಿದ್ದಳು. ಬಡಗಿ ಜಾಲರಿಯಿಂದ ಬೆರಳು ಹಿಂದೆಗೆದ.

ಕೊಕ್ಕೆ ಹಾಕಿಸಿದ್ದು ಅವನೇ. ಆ ಬೀರುವಿನ ಬಾಗಿಲು ಕೊಯ್ಯುವುದಕ್ಕೆ ಒಂದು ವಾರ ಮೊದಲು ಟೇಪು ಮೆಟ್ಟಿ ತುದಿ ಮುರಿದಿತ್ತು. ರಸ್ತೆ ಬದಿಯಲ್ಲಿ ಕೊಡೆ, ಬೀಗ ರಿಪೇರಿ ಮಾಡುವವನ ಕೈಗೆ ಕೊಟ್ಟು ಟೀ ಕುಡಿದು ಬಂದಿದ್ದ. ಮೊದಲ ಒಂದೆರಡು ಇಂಚಿನ ಗೆರೆಗಳು ಎಂದೋ ಅಳಿಸಿಹೋಗಿದ್ದವು. ಎಷ್ಟು ಕತ್ತರಿಸಿದೆ ಎಂದು ಅವನು ನೋಡಲೂ ಇಲ್ಲ, ಕೇಳಲೂ ಇಲ್ಲ. ಅವನೇ ಅಳೆದು ಅವನೇ ಕೊಯ್ದಾಗ ಆ ತಪ್ಪು ಕಾಣುವುದಿಲ್ಲ, ಎರಡೂ ಕಡೆ ಒಂದೇ ಟೇಪು. ಕೋಲಣ್ಣ ತನ್ನ ಸರಿಯಾದ ಟೇಪಿನಲ್ಲಿ ಅಳೆದು ತಂದದ್ದನ್ನು ಇವನು ಈ ಟೇಪಿನಲ್ಲಿ ಕೊಯ್ದರೆ ಬಾಗಿಲು ಅರ್ಧ ಇಂಚು ಕಡಿಮೆಯಾಗದೆ ಇನ್ನೇನಾಗುತ್ತದೆ?

ಕುಡಿದಿರೋದು ನೀನೋ ನಿನ್ನ ಟೇಪೋ. ತಮಾಷೆಯಲ್ಲೂ ಅವನು ಸರಿಯಾಗಿಯೇ ಹೇಳಿದ್ದ. ಒಂದು ಸಲ ಟೇಪು ನೋಡಿದ್ದರೆ ಸಾಕಿತ್ತು. ಇಬ್ಬರೂ ನಕ್ಕು ಟೀಗೆ ಹೋಗುತ್ತಿದ್ದರು.

“ಅಪ್ಪ, ಏನಾಯ್ತು? ಹುಷಾರಿಲ್ವಾ?”

“ಏನಿಲ್ಲ ಪುಟ್ಟಿ. ಗಾಜು ಸರಿ ಹೋಯ್ತಾ?” ಎಂದ. ಅಷ್ಟರಲ್ಲಿ ಭೇಟಿ ಮುಗಿದ ಗಂಟೆ ಹೊಡೆಯಿತು.

ಆಮೇಲಿನ ದಿನಗಳನ್ನು ಹೇಳುವುದು ಕಷ್ಟ. ಅವನು ಅನ್ನ ಬಿಡಲಿಲ್ಲ, ಅಳುತ್ತಾ ಕೂರಲೂ ಇಲ್ಲ. ಕೆಲಸ ಮಾಡುತ್ತಿದ್ದ. ಆದರೆ ಕೊಡತಿಯ ಹಿಡಿ ಕೈಗೆ ಬಂದಾಗಲೆಲ್ಲ ಆ ಏಟಿನ ಸದ್ದು ಕೇಳುತ್ತಿತ್ತು. ಹದಿನಾರು ವರ್ಷ ಅವನ ನೆನಪಿನಲ್ಲಿ ಇದ್ದದ್ದು ಕೋಲಣ್ಣನ ನಗು. ಈಗ ನಗು ಅಳಿಸಿಹೋಗಿ ಅದರ ಹಿಂದಿನದ್ದು ಬಂತು. ಏಟು ಬಿದ್ದ ಮೇಲೆ, ನೆಲಕ್ಕೆ ಉರುಳುವ ಮೊದಲು, ಕೋಲಣ್ಣ ಒಂದು ಗಳಿಗೆ ಅವನನ್ನು ನೋಡಿದ್ದ. ಕೋಪದಿಂದಲ್ಲ. ಇದೇನೋ ಇದು, ಎಂದು ಕೇಳುವವನ ಹಾಗೆ. ಆ ನೋಟವನ್ನು ಅವನು ಇಷ್ಟು ವರ್ಷ ಎಲ್ಲಿಟ್ಟಿದ್ದನೋ! ಸರಿಯಾದ ಮಾತು ಆಡಿದ ಮನುಷ್ಯನನ್ನು ಕೊಂದಿದ್ದ. ಸತ್ತ ಮೇಲೂ ಹದಿನಾರು ವರ್ಷ ತಪ್ಪನ್ನು ಅವನ ತಲೆಗೇ ಕಟ್ಟಿದ್ದ. ವರ್ಷಕ್ಕೊಂದು ಸಲ ಇಂಗ್ಲಿಷಿನಲ್ಲಿ ಬರೆಸಿ ಕಳಿಸಿದ್ದ.

ವಾರದ ಮೇಲೆ ಮೇಷ್ಟ್ರ ಬಳಿ ಹೋಗಿ ಟೇಪಿನ ಕಥೆ ಹೇಳಿದ. ಹೇಳಿ, “ಕಚ್ಚುತ್ತೆ ಅಂದಿದ್ರಲ್ಲ ಮೇಷ್ಟ್ರೇ, ಕಚ್ತಿದೆ. ಬಿಡ್ತಾನೇ ಇಲ್ಲ,” ಎಂದ.

ಮೇಷ್ಟ್ರು ಕಾಗದ ತೆಗೆದರು. “ಗುಮಾಸ್ತನ ಹತ್ರ ಹೋಗೋದು ಬೇಡ. ಈ ಸಲ ನಿಂದು ಸುಳ್ಳಲ್ಲ,” ಎಂದರು. ನಾಲ್ಕು ದಿನ ಬರೆದರು. ಟೇಪು, ಕೊಕ್ಕೆ, ಅರ್ಧ ಇಂಚು, ಕೋಲಣ್ಣ ನೋಡಿದ ನೋಟ, ಯಾವುದನ್ನೂ ಬಿಡಲಿಲ್ಲ. ಕೊನೆಯ ಪುಟದಲ್ಲಿ ಆ ಪದ ಬಂತು. ಒಂದೇ ಸಲ, ಅದರ ಜಾಗದಲ್ಲಿ. ಬರೆದು ಮುಗಿಸಿ ಮೇಷ್ಟ್ರು ಆ ಪದದ ಮೇಲೆ ಬೆರಳಿಟ್ಟು ತೋರಿಸಿದರು. ಬಡಗಿಗೆ ಓದಲು ಬರದಿದ್ದರೂ ಅದನ್ನೇ ನೋಡುತ್ತಾ ಕೂತ. ಏಳು ಅಕ್ಷರ ಇದ್ದವು, ಎಣಿಸಿದ.

ಇನ್ನೊಂದು ಕಾಗದವನ್ನೂ ಬರೆಸಿದ, ಕನ್ನಡದಲ್ಲಿ, ಕೋಲಣ್ಣನ ಹೆಂಡತಿಗೆ. ಅಳತೆ ಅವನದು ಸರಿಯಿತ್ತು ಅಕ್ಕಾ, ತಪ್ಪು ನನ್ನದು, ಟೇಪು ನನ್ನದು, ಎಂದು ನಾಲ್ಕು ಸಾಲು. ಮಗಳು ತೆಗೆದುಕೊಂಡು ಹೋಗಿ ಕೊಟ್ಟಳು. ಆಕೆ ಬಾಗಿಲಲ್ಲೇ ನಿಂತು ಓದಿದಳಂತೆ. “ನಮ್ಮನೆಯವರ ಅಳತೆ ಸರಿಯಿತ್ತು ಅಂತ ನಂಗೆ ಆವತ್ತೇ ಗೊತ್ತಿತ್ತು” ಎಂದಳಂತೆ. ಕಾಗದ ವಾಪಸು ಕೊಟ್ಟು ಬಾಗಿಲು ಹಾಕಿಕೊಂಡಳಂತೆ.

ಮಂಡಳಿ ಸೇರಿದ ದಿನ ಬಡಗಿ ಶೆಡ್ಡಿನಿಂದ ಮಹಡಿಯ ಕಿಟಕಿಗಳನ್ನು ನೋಡುತ್ತಾ ಕೆಲಸ ಮಾಡಿದ. ಮಧ್ಯಾಹ್ನ ಅಲ್ಲಿಗೆ ಟೀ ಹೋಯಿತು, ಸಂಜೆ ಖಾಲಿ ಲೋಟಗಳು ಇಳಿದು ಬಂದವು. ಮನೆಯಲ್ಲಿ ಹೆಂಡತಿ ಸಾಮಾನು ಕಟ್ಟಲು ಶುರು ಮಾಡಿದ್ದಳು. ಮೂರು ಟಿಕೆಟ್ಟೇ ತಗೋ ಎಂದು ಮಗಳಿಗೆ ಹೇಳಿದ್ದಳಂತೆ.

ಉತ್ತರ ಭೇಟಿಯ ದಿನವೇ ಬಂತು. ಕಚೇರಿಯವರು ಒಂದು ಪ್ರತಿಯನ್ನು ಮಗಳ ಕೈಗೂ ಕೊಟ್ಟಿದ್ದರು. ಜಾಲರಿಯ ಆಚೆ ಅಮ್ಮನ ಪಕ್ಕದಲ್ಲಿ ನಿಂತು ಅವಳು ಓದತೊಡಗಿದಳು. ಮೊದಲ ಸಾಲು ಮುಗಿಯುವ ಮುಂಚೆಯೇ ಬಡಗಿಗೆ ಗೊತ್ತಾಯಿತು. ಅವಳು ತುಟಿ ಕಚ್ಚಿಕೊಂಡಿದ್ದಳು.

“ಜೋರಾಗಿ ಓದು!” ಎಂದು ಕಿರುಚಿದ.

ಅವಳು ಕನ್ನಡದಲ್ಲಿ ಹೇಳಿದಳು, ಒಂದೊಂದೇ ಮಾತು, ಎಲ್ಲರ ಗದ್ದಲದ ಮೇಲೆ ಕೇಳುವ ಹಾಗೆ. ಅರ್ಜಿದಾರ ಸತತವಾಗಿ ಆರು ವರ್ಷ ತನಗೆ ರಿಗ್ರೆಟ್ ಮಾತ್ರ ಇದೆ ಎಂದು ಸ್ಪಷ್ಟವಾಗಿ ಹೇಳಿಕೊಂಡಿದ್ದಾನೆ. ಸತ್ತವನದೇ ತಪ್ಪು ಎಂದು ಆರೂ ಸಲ ಬರೆದಿದ್ದಾನೆ. ಎರಡು ಪದಗಳ ವ್ಯತ್ಯಾಸ ಅವನಿಗೆ ಚೆನ್ನಾಗಿ ತಿಳಿದಿದೆ ಎಂಬುದು ಆ ಅರ್ಜಿಗಳಿಂದಲೇ ಗೊತ್ತಾಗುತ್ತದೆ. ಮಂಡಳಿ ತನ್ನ ಉತ್ತರಗಳಲ್ಲಿ ಆರು ಸಲ ತಿಳಿಸಿದ ಮೇಲೆ, ಏಳನೆಯ ವರ್ಷ, ಒಂದು ಟೇಪಿನ ಕಥೆಯ ಜೊತೆ, ಬೇಕಾದ ಪದ ಬಂದಿದೆ. ಇದು ಬಿಡುಗಡೆಗಾಗಿ ಕಲಿತು ಹೇಳಿದ ಮಾತು ಎಂದು ಮಂಡಳಿ ಭಾವಿಸುತ್ತದೆ. ಮಂಡಳಿಯ ಕಣ್ಣಿಗೆ ಮಣ್ಣೆರಚಲು ನೋಡಿದ ಕಾರಣಕ್ಕೆ ಮುಂದಿನ ಐದು ವರ್ಷ ಅರ್ಜಿ ಸ್ವೀಕರಿಸಲಾಗುವುದಿಲ್ಲ.

ಹೆಂಡತಿ ಕಣ್ಣು ಕಿರಿದು ಮಾಡಿಕೊಂಡು ಗಂಡನ ಮುಖ ಹುಡುಕುತ್ತಿದ್ದಳು. ಎರಡು ಪದರದ ಜಾಲರಿಯಲ್ಲಿ ಅವಳಿಗೀಗ ಮುಖ ಕಾಣುತ್ತಿರಲಿಲ್ಲ.

“ಹೋಗಿ ಬನ್ನಿ,” ಎಂದ ಬಡಗಿ. “ಪುಟ್ಟೀ, ಅಮ್ಮನ್ನ ಕಿಟಕಿ ಪಕ್ಕ ಕೂರ್ಸು. ಆ ಟೇಪು ಎಸೀಬೇಡ. ಯಾವುದನ್ನೂ ಅದ್ರಲ್ಲಿ ಅಳೆಯೋದೂ ಬೇಡ.”

ಮೂರನೆಯ ಟಿಕೆಟ್ಟನ್ನು ವಾಪಸು ಮಾಡಿ ಅವರಿಬ್ಬರೂ ಆ ವಾರವೇ ಹೊರಟುಹೋದರು.

ಮೇಷ್ಟ್ರು ಉತ್ತರವನ್ನು ಮೂರು ಸಲ ಓದಿದರು. ಆಮೇಲೆ ಬಡಗಿಯ ಎದುರು ಬಂದು ನಿಂತರು. ಪೆನ್ಸಿಲ್ ಕಿವಿಯ ಮೇಲೆ ಇರಲಿಲ್ಲ. “ಮೊದಲನೇ ವರ್ಷವೇ ಬರೆದುಬಿಡಬೇಕಿತ್ತು ಕಣೋ,” ಎಂದರು. “ಸುಳ್ಳೋ ಪಳ್ಳೋ, ಬರೆದಿದ್ರೆ ನೀನು ಮನೇಲಿರ್ತಿದ್ದೆ. ನನ್ನ ಹಟದಿಂದ ನಿನ್ನ ಹಾಳು ಮಾಡ್ದೆ.” ಬಡಗಿ ಅವರನ್ನು ಕೂರಿಸಿ ನೀರು ಕೊಟ್ಟ. “ಇರೋದನ್ನೇ ಬರೀರಿ ಅಂದಿದ್ದು ನಾನೇ ಅಲ್ವಾ ಮೇಷ್ಟ್ರೇ,” ಎಂದ. ಆಮೇಲೆ ಮೇಷ್ಟ್ರು ಯಾರಿಗೂ ಅರ್ಜಿ ಬರೆಯಲಿಲ್ಲ. ಕೇಳಿಕೊಂಡು ಬಂದವರನ್ನು ಗುಮಾಸ್ತನ ಬಳಿ ಕಳಿಸುತ್ತಿದ್ದರು. ಊಟದ ಸಾಲಿನಲ್ಲೂ ಬಾಯಿ ಮುಚ್ಚಿಕೊಂಡೇ ನಿಲ್ಲುತ್ತಿದ್ದರು.

ರಿಗ್ರೆಟ್ ಮಾತ್ರ ಇದ್ದ ಕಾಲದಲ್ಲಿ ಬಡಗಿ ಚೆನ್ನಾಗಿ ಉಣ್ಣುತ್ತಿದ್ದ, ಗೊರಕೆ ಹೊಡೆದು ಮಲಗುತ್ತಿದ್ದ. ಈಗ ಊಟದ ರುಚಿ, ನಿದ್ದೆ ಎರಡೂ ಹೋದವು. ಮಂಡಳಿ ನಂಬದೆ ವಾಪಸು ಕಳಿಸಿದ ರಿಮೋರ್ಸ್ ಅವನ ಹತ್ತಿರವೇ ಉಳಿಯಿತು. ಅದನ್ನು ಯಾರಿಗೆ ಕೊಡಬೇಕೋ ಅವನು ಸತ್ತು ಎಷ್ಟೋ ಕಾಲವಾಗಿತ್ತು, ಅವನ ಹೆಂಡತಿಗೆ ಬೇಕಾಗಿರಲಿಲ್ಲ.

ಕೆಲವು ತಿಂಗಳ ಮೇಲೆ ಶೆಡ್ಡಿಗೆ ಒಂದು ಬೀರುವಿನ ಕೆಲಸ ಬಂತು. ಯಾವುದೋ ಕಚೇರಿಗೆ, ಎರಡು ಬಾಗಿಲಿನದು. ಬಡಗಿ ಅಳೆದು ಪೆನ್ಸಿಲ್ ಗೆರೆ ಹಾಕಿದ. ಮೀಸೆಯ ಜಾಗಕ್ಕೆ ಬಂದಿದ್ದ ನಡುವಯಸ್ಸಿನವನು, ಹೊರಗೆ ಲಾರಿ ಓಡಿಸುತ್ತಿದ್ದವನು, ಮರಗೆಲಸ ಏನೆಂದೇ ತಿಳಿಯದವನು, ಬಗ್ಗಿ ನೋಡಿದ.

“ಏನ್ ಯಜಮಾನ್ರೇ, ಗೆರೆ ಸೊಟ್ಟ ಬಿತ್ತಲ್ಲ! ನಿಮ್ಮ ಟೇಪಿಗೂ ವಯಸ್ಸಾಯ್ತಾ?” ಎಂದು ಹಲ್ಲು ಕಿರಿದ.

ಶೆಡ್ಡಿನಲ್ಲಿ ನಾಲ್ಕು ಜನ ನಕ್ಕರು. ಗೆರೆ ಸರಿಯಾಗಿಯೇ ಇತ್ತು. ಅದು ಬಡಗಿಗೂ ಗೊತ್ತಿತ್ತು. ಅವನು ಕೈಯಲ್ಲಿದ್ದ ಕೊಡತಿಯನ್ನು ಒಯ್ದು ಗೋಡೆಯ ಮೇಲೆ ಅದರ ಆಕಾರದಲ್ಲಿ ತೂಗುಹಾಕಿ ಬಂದ. ಟೇಪು ಎತ್ತಿಕೊಂಡು ಅದರ ತುದಿಯನ್ನು ಬೆರಳಿನಿಂದ ಮುಟ್ಟಿ ನೋಡಿದ.

“ನೀನ್ ಹೇಳೋದೇ ಸರಿ ಇರಬಹುದು ಕಣಪ್ಪ,” ಎಂದ. “ತಡಿ, ಇನ್ನೊಂದ್ಸಲ ನೋಡ್ತೀನಿ.”

ಹಲಗೆಯ ಮೇಲೆ ಬಗ್ಗಿ ಮೊದಲಿನಿಂದ ಅಳೆಯತೊಡಗಿದ. ನಕ್ಕವರೆಲ್ಲ ತಂತಮ್ಮ ಕೆಲಸಕ್ಕೆ ತಿರುಗಿದ ಮೇಲೂ ಅವನು ಅಳೆಯುತ್ತಲೇ ಇದ್ದ.